ನಸೀಮಾ ಓದಿದ ದ್ರಾಕ್ಷಿ

ಬೆಳಗ್ಗೆ ಸೊಸೆ ದ್ರಾಕ್ಷಿ ತೊಳೆಯುತ್ತಿದ್ದಳು. ಹಣ್ಣಿನ ಮೇಲಿನ ಬೂದಿಯಂಥ ಬಿಳುಪು ತೊಳೆದುಹೋಗುವುದನ್ನು ನೋಡುತ್ತಾ ನನಗೆ ನಸೀಮಾ ನೆನಪಾದಳು.

ಮುರುಗಮಲ್ಲದ ಹುಡುಗಿ ಅವಳು, ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಾಳೆ. ಹಣ್ಣಿನ ಸಿಪ್ಪೆಯ ಮೇಲೆ ತಾನಾಗಿ ಬಂದು ಕೂರುವ ಯೀಸ್ಟು ಯಾವ ಜಾತಿಯದು ಅಂತ ಕಂಡುಹಿಡಿಯುವುದು ಅವಳ ಕೆಲಸ. ಹೋದ ವರ್ಷ ಮುದ್ದೇನಹಳ್ಳಿ ಹತ್ತಿರದ ನಮ್ಮ ತೋಟಕ್ಕೆ ಬರುತ್ತೇನೆ, ದ್ರಾಕ್ಷಿ ಬೇಕು ಎಂದಷ್ಟೇ ಫೋನು ಮಾಡಿದಳು. ಕೊಯ್ಲು ಮುಗಿದಿತ್ತು, ಮಾರನೇ ದಿನ ಬಳ್ಳಿ ಸವರುವವರು ಬರುವವರಿದ್ದರು. ಉಳಿದ ನಾಲ್ಕು ಗೊಂಚಲು ಕೊಯ್ದು, ಉಪ್ಪು ಅರಿಶಿನದ ನೀರಿನಲ್ಲಿ ನೆನೆಸಿ, ತಿಕ್ಕಿ ಒರೆಸಿ ತಟ್ಟೆಯಲ್ಲಿಟ್ಟೆ. ಔಷಧಿ ಹೊಡೆದ ಹಣ್ಣನ್ನು ಮನೆಗೆ ಬಂದವರಿಗೆ ಹಾಗೇ ಕೊಡುವುದುಂಟೆ? ನೀವಾದರೂ ಇನ್ನೇನು ಮಾಡುತ್ತಿದ್ದಿರಿ?

ಹುಡುಗಿ ತಟ್ಟೆ ನೋಡಿ, ಹಣ್ಣೊಂದನ್ನು ಎತ್ತಿ ಬೆಳಕಿಗೆ ಹಿಡಿದಳು.

"ಅಜ್ಜೀ, ತೊಳೆದ್ಬಿಟ್ರಾ?"

"ಮತ್ತೆ? ಕೊಳೆ ತಿನ್ನಕ್ಕೆ ಕೊಡ್ಲೇನಮ್ಮ?"

"ನಂಗೆ ಬೇಕಾಗಿದ್ದೇ ಆ ಕೊಳೆ. ಚಿಂತಾಮಣಿ, ಶಿಡ್ಲಘಟ್ಟದ್ದೆಲ್ಲ ಆಯ್ತು. ನಿಮ್ದೊಂದು ಸಿಗ್ದಿದ್ರೆ ಇನ್ನೊಂದು ವರ್ಷ ಕಾಯ್ಬೇಕು."

ಅಳಲಿಲ್ಲ. ಅದು ನನಗೆ ಹಿಡಿಸಿತು. ದುಪಟ್ಟಾ ಸೊಂಟಕ್ಕೆ ಬಿಗಿದು, ಚಪ್ಪರದ ಕೆಳಗೆ ಕತ್ತೆತ್ತಿಕೊಂಡು ಸಾಲು ಸಾಲು ಅಲೆದಳು. ಕೊನೆಗೆ ಮೂಲೆಯಲ್ಲೊಂದು ಗೊಂಚಲು ಸಿಕ್ಕಿತು. ಹಕ್ಕಿ ಕುಕ್ಕಿ ಬಿರಿದದ್ದು, ಇರುವೆ ಮುತ್ತಿದ್ದು. ನಾನಾಗಿದ್ದರೆ ತಿಪ್ಪೆಗೆ ಎಸೆಯುತ್ತಿದ್ದೆ. ಕೈ ಚಾಚಿದೆ.

"ಮುಟ್ಬೇಡಿ! ನಿಮ್ ಕೈಲಿರೋದೂ ಅಂಟ್ಕೊಂಡ್ಬಿಡುತ್ತೆ."

ನನ್ನ ತೋಟದಲ್ಲಿ ನನ್ನನ್ನೇ ಗದರಿದವರು ಅದುವರೆಗೆ ಇರಲಿಲ್ಲ. ಕೈ ಹಿಂದೆ ಕಟ್ಟಿ ನಿಂತೆ. ಸ್ಪಿರಿಟ್ಟಿನಲ್ಲಿ ಒರೆಸಿದ ಕತ್ತರಿಯಿಂದ ತೊಟ್ಟು ಕತ್ತರಿಸಿ, ಗೊಂಚಲನ್ನು ನೇರ ಚೀಲಕ್ಕೇ ಬೀಳಿಸಿಕೊಂಡಳು.

ಕೆಲವು ತಿಂಗಳಾದ ಮೇಲೆ ಕಾಲೇಜಿಗೆ ಕರೆಸಿ ತೋರಿಸಿದಳು. ಮುಚ್ಚಳದ ಗಾಜಿನ ತಟ್ಟೆಯಲ್ಲಿ ಗಸಗಸೆಯಷ್ಟು ಬಿಳಿ ಚುಕ್ಕೆಗಳು, ಆ ಗೊಂಚಲಿನ ಮೇಲಿದ್ದ ಯೀಸ್ಟನ್ನು ಬೆಳೆಸಿದ್ದು. ಕಣ್ಣಿಗೆ ಎಲ್ಲವೂ ಒಂದೇ. ಅದಕ್ಕೇ ಒಂದೊಂದು ಚುಕ್ಕೆಯೊಳಗಿನ ಡಿಎನ್‌ಎ ತೆಗೆದು, ಅದರದೊಂದು ತುಣುಕನ್ನು ಯಂತ್ರದಲ್ಲಿ ಲಕ್ಷಗಟ್ಟಲೆ ಮಾಡಿ, ಅಕ್ಷರದಂತೆ ಓದಿಸಿ, ಲೋಕದವರೆಲ್ಲ ಓದಿಟ್ಟ ಪಟ್ಟಿಯ ಜೊತೆ ಹೋಲಿಸಬೇಕಂತೆ. ಬಸ್ಸಿನ ಬೋರ್ಡನ್ನೇ ಕೂಡಿಸಿ ಕೂಡಿಸಿ ಓದುವ ನಾನು ತಟ್ಟೆಗೆ ಕಣ್ಣು ಹಚ್ಚಿ ಅಕ್ಷರ ಹುಡುಕಿದೆ.

"ಮೂರು ಜಾತಿ ಇವೆ ಅಜ್ಜಿ. ಎರಡಕ್ಕೆ ಹೆಸರು ಸಿಕ್ತು. ಇನ್ನೊಂದಕ್ಕೆ ಪಟ್ಟಿಲಿ ಜೋಡಿನೇ ಇಲ್ಲ."

"ಎಲ್ಲೋ ತಪ್ಪು ಮಾಡಿದೀಯ."

"ಹಂಗಂದ್ಕೊಂಡೇ ಮೂರು ಸಲ ಮಾಡ್ದೆ."

ಗಸಗಸೆಯಷ್ಟು ಚುಕ್ಕೆಗೆ ಮೂರು ಸಲ! ನಾನಾದರೆ ಹತ್ತಿರದ್ದೊಂದು ಹೆಸರಿಟ್ಟು ಮನೆಗೆ ಹೋಗಿರುತ್ತಿದ್ದೆ. ಅವಳು ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆದಿಟ್ಟಿದ್ದಾಳೆ. ಖಚಿತ ಮಾಡಿಕೊಳ್ಳಲು ಅದೇ ಮೂಲೆಯ ಹಣ್ಣು ಮತ್ತೆ ಬೇಕಂತೆ.

ಈ ಸಲ ಬಳ್ಳಿ ಸವರುವವರಿಗೆ, ಆ ಹುಡುಗಿ ಬಂದುಹೋಗುವ ತನಕ ಆ ಮೂಲೆಯ ಕಡೆ ತಲೆ ಹಾಕಬೇಡಿ ಅಂದಿದ್ದೇನೆ. ಗೊಣಗಿದರು. ಗೊಣಗಲಿ.