ಮುದ್ದೆಯ ಗಂಟು ಮತ್ತು ನನ್ನ ಬಾಯಿ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಸುಳ್ಳು. ಮೂಗಿನ ತುದಿಗೆ ಹೋಗುವಷ್ಟು ಪುರುಸೊತ್ತೂ ಅದಕ್ಕಿರಲಿಲ್ಲ, ನೇರ ಬಾಯಿಗೇ ಬರುತ್ತಿತ್ತು. ಇಂಥವನನ್ನು ಕುಡುಮಲಕುಂಟೆಯ ಒಂದು ಕಾರ್ಖಾನೆಯವರು ಕ್ಯಾಂಟೀನ್ ಸೂಪರ್‌ವೈಸರ್ ಮಾಡಿದ್ದರು. ಇಡೀ ಫ್ಯಾಕ್ಟರಿಗೆ ಒಂದೇ ಮೊಬೈಲ್, ಅದೂ ಮ್ಯಾನೇಜರ ಸೊಂಟದಲ್ಲಿ ನೇತಾಡುತ್ತಿದ್ದ ಕಾಲ ಅದು.

ಹಳೆಯ ಅಡುಗೆಯವನು ಕೆಲಸ ಬಿಟ್ಟಾಗ ಅಂಬಾಜಿದುರ್ಗದ ಕಡೆಯ ಹಳ್ಳಿಯೊಂದರಿಂದ ಒಬ್ಬ ಹೆಂಗಸು ಬಂದರು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು, ಅಕ್ಕ ಎನ್ನುತ್ತಿದ್ದೆ. ಬೀಗರೂಟಗಳಲ್ಲಿ ನೂರಾರು ಜನಕ್ಕೆ ಮುದ್ದೆ ಕಟ್ಟಿದ ಕೈ. ಅವರ ಬಸ್ಸಾರಿಗೆ ಜನ ಎರಡು ಸಲ ತಟ್ಟೆ ಒಡ್ಡುತ್ತಿದ್ದರು. ಆದರೆ ನಮ್ಮ ಕ್ಯಾಂಟೀನಿನಲ್ಲಿ ಅವರ ಮುದ್ದೆ ಮುರಿದರೆ ಒಳಗೆ ಗಂಟು, ಗಂಟೊಳಗೆ ಒಣ ಹಿಟ್ಟು!

ಒಬ್ಬ ಫಿಟ್ಟರ್ ದಿನಾ ಒಂದೊಂದು ಗಂಟು ತಂದು ನನ್ನ ಮೇಜಿನ ಮೇಲೆ ಇಡುತ್ತಿದ್ದ. "ಸಾರ್, ಮುದ್ದೆ ಜೊತೆ ಹಿಟ್ಟೂ ಕೊಡ್ತಿದೀರಾ. ಮನೆಗೆ ತಗೊಂಡೋಗಿ ರೊಟ್ಟಿ ತಟ್ಟಿಸ್ಲಾ?"

ನಾನು ಒಳಗೆ ನುಗ್ಗಿ ಅಕ್ಕನ ಮೇಲೆ ಕೂಗಾಡುತ್ತಿದ್ದೆ. ಒಂದು ದಿನ ಮುದ್ದೆ ಕೋಲನ್ನೇ ಕಿತ್ತುಕೊಂಡು ನಾನೇ ತಿರುವಿದೆ. ನನ್ನ ಗಂಟುಗಳು ಅಕ್ಕನ ಗಂಟಿಗಿಂತ ದಪ್ಪ ಬಂದವು. ಅದನ್ನು ಯಾರಿಗೂ ಹೇಳಲಿಲ್ಲ, ಫಿಟ್ಟರ್ ಊರಿಗೆಲ್ಲ ಹೇಳಿದ.

ಕೊನೆಗೆ ಆಫೀಸಿನಿಂದ ಮಾತು ಬಂತು: ಶನಿವಾರದೊಳಗೆ ಮುದ್ದೆ ಸರಿಹೋಗದಿದ್ದರೆ ಆಕೆಯನ್ನು ಕಳಿಸಿಬಿಡಿ. ಅಕ್ಕ ಆಗಲೇ ಗೌರಿಬಿದನೂರಿನಲ್ಲಿ ಒಂದು ರೂಮು ಹಿಡಿದು, ಮಗಳನ್ನು ಅಲ್ಲಿನ ಶಾಲೆಗೆ ಸೇರಿಸಿದ್ದರು. ಮಂಗಳವಾರ ಮ್ಯಾನೇಜರ ಹತ್ತಿರ ಓಡಿದೆ. ಚಿಕ್ಕಬಳ್ಳಾಪುರದ ಹಿರಿಯರು, ಕನ್ನಡಕ ಹಣೆಗೇರಿಸಿಕೊಂಡು ಕೇಳುವವರು.

"ಸಾರ್, ಹೇಳಿ ಹೇಳಿ ನನ್ನ ಗಂಟಲು ಹೋಯ್ತು. ನೀವೇ ಕರೆದು ಬುದ್ಧಿ ಹೇಳಿ."

"ಹೇಳಣ ಬಿಡಪ್ಪ. ದಿನಾ ಗಂಟು ಬರುತ್ತಾ?"

"ದಿನಾ ಸಾರ್. ಸೋಮವಾರ ಒಂದಿನ ಚೆನ್ನಾಗಿರುತ್ತಂತೆ, ನಾನು ತಿಂದಿಲ್ಲ."

"ಯಾಕೆ ತಿಂದಿಲ್ಲ?"

"ಸೋಮವಾರ ತರಕಾರಿಗೆ ಚಿಂತಾಮಣಿ ಮಾರ್ಕೆಟ್‌ಗೆ ಹೋಗಿರ್ತೀನಲ್ಲ ಸಾರ್."

ಅವರು ನನ್ನ ಮುಖವನ್ನೇ ನೋಡಿದರು. ನಾನೂ ಅವರ ಮುಖ ನೋಡಿದೆ. ನನ್ನ ದಡ್ಡ ತಲೆಗೆ ಏನೂ ಹೊಳೆಯಲಿಲ್ಲ.

"ಗಂಟು ಯಾಕೆ ಬರುತ್ತೆ ಅಂತ ಆಯಮ್ಮನ್ನ ಕೇಳಿದ್ಯಾ?"

"ಅದರಲ್ಲಿ ಕೇಳೋದೇನಿದೆ ಸಾರ್?"

"ನಾಳೆ ಕೇಳು. ಒಂದೇ ಸಲ. ಆಮೇಲೆ ಆಯಮ್ಮ ಬಾಯಿ ಬಿಡೋವರೆಗೂ ನೀನು ಬಾಯಿ ಬಿಡಬೇಡ."

ಮಾರನೇ ದಿನ ಊಟ ಮುಗಿದ ಮೇಲೆ ಅಕ್ಕ ಹಂಡೆಯಷ್ಟು ದೊಡ್ಡ ಪಾತ್ರೆ ಉಜ್ಜುತ್ತಿದ್ದರು. ಎದುರಿಗೆ ಕೂತು ಕೇಳಿದೆ. ಅವರು ಉಜ್ಜುತ್ತಲೇ ಇದ್ದರು. ನಾನು ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ನಾಲಗೆ ಕಚ್ಚಿ ಕೂತೆ. ಪಾತ್ರೆಯ ಒಳಗಾಯಿತು, ಹೊರಗಾಯಿತು, ತಳವಾಯಿತು. ಅಯ್ಯಪ್ಪಾ, ಅಷ್ಟು ಹೊತ್ತು ನಾನು ನಿದ್ದೆಯಲ್ಲೂ ಸುಮ್ಮನಿದ್ದವನಲ್ಲ!

"ಬೈಯಲ್ಲ ಅಂದ್ರೆ ಹೇಳ್ತೀನಿ ಸಾರ್."

"ಬೈಯಲ್ಲ."

"ದೇವರಾಣೆ?"

"ದೇವರಾಣೆ ಅಕ್ಕ."

"ಎಸರಿಗೆ ಹಾಕಿದ ಹಿಟ್ಟು ಬೇಯ್ಬೇಕು. ಅಷ್ಟರಲ್ಲಿ ನೀವು ಬರ್ತೀರಾ. ಸೈರನ್ ಆಗುತ್ತೆ, ತಿರುವಿ ತಿರುವಿ ಅಂತ ಕೂಗ್ತೀರಾ. ನಾನು ಹೆದರ್ಕೊಂಡು ಕೋಲು ಹಾಕ್ತೀನಿ. ಬೇಯದೇ ಇರೋ ಹಿಟ್ಟು ತಿರುವಿದ್ರೆ ಗಂಟಾಗದೆ ಇನ್ನೇನಾಗುತ್ತೆ?"

ಕೋಪ ಬಾಯಿಯವರೆಗೆ ಬಂತು. ಆಣೆ ಅಡ್ಡ ಬಂತು. ಆಮೇಲೆ ಬಂದದ್ದು ಬರೀ ನಾಚಿಕೆ.

"ಮೊದಲೇ ಯಾಕಕ್ಕ ಹೇಳ್ಲಿಲ್ಲ?"

"ಯಾರು ಕೇಳಿದ್ರು ಸಾರ್?"

ಏನು ಮಾಡೋಣ ಎಂದು ಅವರನ್ನೇ ಕೇಳಿದೆ. ಎಸರನ್ನು ಕಾಲುಗಂಟೆ ಮುಂಚೆ ಇಡುತ್ತೇನೆ ಎಂದರು. "ನೀವು..." ಎಂದು ತಡೆದರು.

"ನಾನು?"

"ಹೊರಗಿದ್ರೆ ಒಳ್ಳೇದು."

ಗುರುವಾರ ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ಕೂತೆ. ಸೈರನ್ ಆಯಿತು. ಕಾಲು ಅಡುಗೆಮನೆಯ ಕಡೆಗೇ ಎಳೆಯುತ್ತಿತ್ತು. ತಾಳಿದವನು ಬಾಳಿಯಾನು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಸ್ವಲ್ಪ ಹೊತ್ತಿಗೆ ಫಿಟ್ಟರ್ ಕೈ ತೊಳೆಯಲು ಬಂದ, ಮುಖ ಸಪ್ಪಗಿತ್ತು. "ಏನ್ ಸಾರ್, ಇವತ್ತು ರೊಟ್ಟಿಗೆ ಹಿಟ್ಟಿಲ್ವಾ?" ನಾನು ಅವನನ್ನು ಅಪ್ಪಿಕೊಳ್ಳುವುದೊಂದು ಬಾಕಿ.

ಶನಿವಾರ ಅಕ್ಕನ ಕೆಲಸ ಖಾಯಂ ಆಯಿತು. ಮ್ಯಾನೇಜರನ್ನು ಕೇಳಿದೆ, "ನಿಮಗೆ ಮೊದಲೇ ಗೊತ್ತಿತ್ತಲ್ವಾ ಸಾರ್?"

"ನೀನು ಸೋಮವಾರ ಅಂದಾಗಲೇ ಗೊತ್ತಾಯ್ತು."

"ಮತ್ತೆ ಅವತ್ತೇ ಹೇಳ್ಬಾರದಿತ್ತಾ?"

"ನಾನೂ ನಿನ್ನ ಥರ ಬೇಯೋಕೆ ಮುಂಚೆನೇ ಕೋಲು ಹಾಕ್ಬೇಕಿತ್ತೇನಪ್ಪಾ?" ಎಂದು ಕನ್ನಡಕ ಕೆಳಗಿಳಿಸಿಕೊಂಡು ಫೈಲು ತೆರೆದರು.

ಅಂದು ಮಧ್ಯಾಹ್ನ ಅಕ್ಕ ಬಿಸಿ ಮುದ್ದೆಯ ಮೇಲೆ ತುಪ್ಪ ಹಾಕಿ ತಟ್ಟೆಯನ್ನು ಕಟ್ಟೆಯ ಹತ್ತಿರವೇ ತಂದರು. ಮುರಿದೆ. ನುಣ್ಣಗಿತ್ತು. ಕಣ್ಣು ಒದ್ದೆಯಾಯಿತು, ಹೊಗೆ ಅಂತ ಸುಳ್ಳು ಹೇಳಿದೆ. ಅವರು ನನ್ನನ್ನೇ ನೋಡುತ್ತ ನಿಂತಿದ್ದರು, ಇನ್ನೂ ಏನೋ ಕೇಳುವುದಿತ್ತು.

"ಸಾರ್, ಸೋಮವಾರ ಬಿಟ್ಟು ಮಿಕ್ಕ ದಿನಾನೂ ಇಲ್ಲೇ ಕೂತ್ಕೋತೀರಾ ತಾನೆ?"

ಆ ಕಟ್ಟೆಯ ಮೇಲೆ ನಾನು ನಾಲ್ಕು ವರ್ಷ ಕೂತೆ.