ಒಂದು ವರ್ಷ ಮೊದಲೇ ಕಟ್ಟಿದ ಫ್ಲೆಕ್ಸ್

ನನಗೆ ಮೆಡಿಕಲ್ ಸೀಟು ಸಿಕ್ಕಿದೆ ಎಂದು ಪುರವರದ ಬಸ್ ಸ್ಟಾಪಿನಲ್ಲಿ ಫ್ಲೆಕ್ಸ್ ಕಟ್ಟಿದಾಗ ನನಗೆ ಸೀಟು ಸಿಕ್ಕಿರಲಿಲ್ಲ. ಸಿಗುವ ಲಕ್ಷಣವೂ ಇರಲಿಲ್ಲ. ಈ ಸತ್ಯ ಊರಿನಲ್ಲಿ ಅರ್ಥವಾಗಿದ್ದದ್ದು ನನಗೊಬ್ಬಳಿಗೇ. ಆದರೆ ಫ್ಲೆಕ್ಸ್ ಕಟ್ಟುವವರು ಅದರಲ್ಲಿ ಮುಖ ಇರುವವರನ್ನು ಕೇಳಿ ಕಟ್ಟುತ್ತಾರೆಯೇ?

ಆದದ್ದು ಇಷ್ಟು. ನೀಟ್ ಫಲಿತಾಂಶ ಬಂದ ದಿನ ಅಪ್ಪ ಜಮೀನು ಅಳೆಸಿ ಪೋಡಿ ಮಾಡಿಸುವ ಕೆಲಸಕ್ಕೆಂದು ಮಧುಗಿರಿಯ ತಾಲ್ಲೂಕು ಆಫೀಸಿಗೆ ಹೋಗಿದ್ದರು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಬೇಕೆಂದರೆ ನೀರಿನ ಟ್ಯಾಂಕಿನ ಹತ್ತಿರ ಹೋಗಿ ಫೋನನ್ನು ಮೇಲೆತ್ತಿ ಹಿಡಿಯಬೇಕು. ನಾನು ಹಾಗೆ ಕೈ ಎತ್ತಿಕೊಂಡು ನಿಂತಿರುವಾಗಲೇ ಅಪ್ಪ ಸೈಬರ್ ಸೆಂಟರಿಗೆ ನುಗ್ಗಿ, ನನ್ನ ಪರೀಕ್ಷೆಯ ನಂಬರ್ ಕೊಟ್ಟು, ಪ್ರಿಂಟ್ ತೆಗೆಸಿಬಿಟ್ಟಿದ್ದರು. ಅಲ್ಲಿಯ ಹುಡುಗ ಹಾಳೆ ನೋಡಿ ‘ಪಾಸಾಗವ್ಳೆ ಅಣ್ಣ’ ಎಂದನಂತೆ. ಅಷ್ಟೇ ಸಾಕಾಯಿತು. ಹತ್ತನೆಯದರಲ್ಲಿ ಪಾಸಾದರೆ ಪಿಯುಸಿ, ಪಿಯುಸಿಯಲ್ಲಿ ಪಾಸಾದರೆ ಮುಂದಿನ ಕಾಲೇಜು. ಹಾಗೆಯೇ ಡಾಕ್ಟರ್ ಪರೀಕ್ಷೆಯಲ್ಲಿ ಪಾಸಾದರೆ ಡಾಕ್ಟರ್ ಕಾಲೇಜು. ಅಪ್ಪ ಅಲ್ಲಿಂದಲೇ ಊರಿಗೆ ನಾಲ್ಕಾರು ಫೋನ್ ಮಾಡಿದರು.

ಸಂಜೆಯ ಬಸ್ಸಿಗೆ ಬಂದವರು ಚಪ್ಪಲಿಯನ್ನೂ ಬಿಡದೆ ನನ್ನ ಬಾಯಿಗೆ ಲಾಡು ತುರುಕಿದರು. ಲಾಡನ್ನು ದವಡೆಯಲ್ಲಿಟ್ಟುಕೊಂಡೇ ಹಾಳೆ ನೋಡಿದೆ. ಅರ್ಧಕ್ಕಿಂತ ಒಂಚೂರು ಮೇಲೆ ಅಂಕ. ಸರ್ಕಾರಿ ಸೀಟಿಗೆ ಇದು ಎಲ್ಲಿಗೂ ಸಾಲದು.

“ಅಪ್ಪಾ, ಇದು ಬರೀ ಪಾಸು. ಸೀಟಲ್ಲ.”

“ಅಂಗಂದ್ರೆ?”

“ಸೀಟು ಕೇಳೋ ಸಾಲ್ನಲ್ಲಿ ನಿಂತ್ಕೋಬೋದು ಅಂತ. ನನ್ ಮುಂದೆ ಲಕ್ಷಗಟ್ಲೆ ಜನ ಅವ್ರೆ.”

ಅಪ್ಪ ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದರು. ಅಲ್ಲಿ ಏನೂ ಇರಲಿಲ್ಲ. “ಬುಡು ಮಗ, ಸಾಲ್ನಲ್ಲಿ ನಿಂತೋರ್ಗೆ ಇವತ್ತಲ್ಲ ನಾಳೆ ಸಿಕ್ಕೇ ಸಿಗ್ತದೆ,” ಎಂದರು. ನ್ಯಾಯಬೆಲೆ ಅಂಗಡಿಯ ಸಾಲಿನ ಅನುಭವ ಅವರದು.

ಮಾರನೆಯ ದಿನ ಬೆಳಿಗ್ಗೆ ಹಾಲು ಹಾಕಲು ಡೈರಿಗೆ ಹೋದವಳು ಬಸ್ ಸ್ಟಾಪಿನಲ್ಲಿ ನನ್ನನ್ನೇ ನೋಡಿದೆ. ಹತ್ತನೆಯ ತರಗತಿಯ ಸನ್ಮಾನದ ಫೋಟೋ, ಎಣ್ಣೆ ಹಚ್ಚಿ ಬಾಚಿದ ಎರಡು ಜಡೆ. ಕೆಳಗೆ ನಮ್ಮೂರ ಯುವಕರ ಸಂಘದ ಅಷ್ಟೂ ಹುಡುಗರು ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕೈ ಮುಗಿಯುತ್ತಿದ್ದರು. ಮೇಲೆ ದಪ್ಪಕ್ಷರದಲ್ಲಿ ‘ವೈದ್ಯಕೀಯ ಸೀಟು ಪಡೆದ ನಮ್ಮೂರ ಹೆಮ್ಮೆಯ ಮಗಳಿಗೆ ಅಭಿನಂದನೆಗಳು’. ಅಯ್ಯೋ ನನ್ನ ಕರ್ಮವೇ! ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮನೆಗೆ ಬಂದು ಹಾಲಿನ ಕ್ಯಾನನ್ನು ಕುಕ್ಕಿ, ಅದನ್ನು ಈಗಲೇ ಬಿಚ್ಚಿಸಬೇಕೆಂದು ಕೂಗಾಡಿದೆ. ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ, ಅಮ್ಮನಿಂದ ಬಂದದ್ದು. ಅಪ್ಪ ಮಾತ್ರ, “ಹುಡುಗ್ರು ಪ್ರೀತಿಯಿಂದ ಕಟ್ಟವ್ರೆ, ಬಿಚ್ಚು ಅಂತ ಹೆಂಗ್ ಹೇಳ್ಲಿ?” ಎಂದು ತೋಟದ ಕಡೆ ಹೊರಟರು.

ಗ್ರಾಮೀಣ ಮೀಸಲಾತಿಯ ಕಾಗದಪತ್ರಕ್ಕೆ ಸಹಿ ಹಾಕಿಸಲು ನಾನು ಆ ದಿನಗಳಲ್ಲಿ ಮಧುಗಿರಿಗೆ ಅಲೆಯಬೇಕಿತ್ತು. ಪ್ರೈವೇಟ್ ಬಸ್ಸಿನ ಕಂಡಕ್ಟರ್ ನನ್ನ ಅಪ್ಪನ ವಯಸ್ಸಿನವರು, ಪ್ರತಿ ಊರಿನ ಹೆಣ್ಣುಮಕ್ಕಳ ಬಾಣಂತನದವರೆಗೆ ಎಲ್ಲ ಸಮಾಚಾರ ಇಟ್ಟುಕೊಂಡವರು. ಅವರು ಕಿಟಕಿಯಾಚೆ ಫ್ಲೆಕ್ಸ್ ನೋಡಿದರು, ನನ್ನನ್ನು ನೋಡಿದರು.

“ಅದ್ರಲ್ಲಿರೋದು ನೀನೇ ಅಲ್ವೇನಮ್ಮ?”

“ಅಲ್ಲ. ನಮ್ಮಕ್ಕ,” ಎಂದುಬಿಟ್ಟೆ.

ನನಗೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ. ಅವರು ಟಿಕೆಟ್ ಹರಿದು ಕೊಟ್ಟು, “ಹೌದಾ! ಒಳ್ಳೇದಾಗ್ಲಿ ಬುಡು ನಿಮ್ಮಕ್ಕಂಗೆ,” ಎಂದರು. ಅಲ್ಲಿಂದ ಮುಂದೆ ನಾನು ಬಸ್ ಹತ್ತಿದಾಗಲೆಲ್ಲ ಅದೇ ವಿಚಾರಣೆ. “ನಿಮ್ಮಕ್ಕ ಹೆಂಗವ್ರೆ?” ನಾನು ಹಲ್ಲು ಕಚ್ಚಿ “ಚೆನ್ನಾಗವ್ಳೆ” ಎನ್ನುತ್ತಿದ್ದೆ.

ಆಷಾಢದ ಗಾಳಿ ನನ್ನ ಮೇಲೆ ಕರುಣೆ ತೋರಿತು. ಒಂದು ಮಧ್ಯಾಹ್ನ ಫ್ಲೆಕ್ಸ್ ಕಿತ್ತುಕೊಂಡು ಹಾರಿ ಯಾರದೋ ಬೇಲಿಗೆ ಸಿಕ್ಕಿಕೊಂಡಿತ್ತು. ಪೀಡೆ ತೊಲಗಿತು ಎಂದುಕೊಂಡರೆ ಅಪ್ಪ ಅದನ್ನು ಮಡಚಿಕೊಂಡು ಮನೆಗೇ ತಂದರು. ನಮ್ಮ ಕಡೆ ಫ್ಲೆಕ್ಸ್ ಎಸೆಯುವ ಪದ್ಧತಿ ಇಲ್ಲ. ಅದು ಮೇಕೆ ಕೊಟ್ಟಿಗೆಯ ಸೂರಾಗುತ್ತದೆ, ಹುಣಸೆಹಣ್ಣು ಒಣಗಿಸುವ ಹಾಸಾಗುತ್ತದೆ, ಬಚ್ಚಲಿನ ಮರೆಯಾಗುತ್ತದೆ. ನಾನು ಹಿತ್ತಲಿನ ರಾಗಿಹುಲ್ಲಿನ ಬಣವೆಯ ಮೇಲಿನ ಹೊದಿಕೆಯಾದೆ. ಅದೂ ಮುಖ ಮೇಲೆ ಮಾಡಿ.

“ತಿರುಗ್ಸಿ ಹಾಕು ಅಪ್ಪಾ, ಅಕ್ಷರ ಒಳಗಡೆ ಹೋಗ್ಲಿ!” ಎಂದು ಚೀರಿದೆ.

ಅಪ್ಪ ಬಣವೆಯ ಮೇಲಿಂದ ಬಗ್ಗಿ ನೋಡಿದರು. “ಒಳಗಡೆ ಮಾಡಿದ್ರೆ ನಿನ್ ಮಖಕ್ಕೆ ಹುಲ್ಲು ಚುಚ್ಚಲ್ವೇನಮ್ಮ?”

ನಾನು ಒಳಗೆ ಹೋಗಿ ಅತ್ತೆ.

ಕೌನ್ಸೆಲಿಂಗಿನ ಒಂದೊಂದು ಸುತ್ತೂ ಮುಗಿಯಿತು. ಗ್ರಾಮೀಣ ಮೀಸಲಾತಿಯಿಂದಲೂ ನನ್ನ ಹತ್ತಿರಕ್ಕೆ ಏನೂ ಸುಳಿಯಲಿಲ್ಲ. ನರ್ಸಿಂಗ್ ಮಾಡಿಸಿ ಎಂದರು ಒಬ್ಬರು, ಬಿಎಸ್ಸಿ ಸೇರಿಸಿ ಎಂದರು ಇನ್ನೊಬ್ಬರು. ನನಗೆ ಇನ್ನೊಂದು ಸಲ ಬರೆಯಬೇಕಿತ್ತು. ಲಾಂಗ್ ಟರ್ಮ್ ಎಂದು ಅದಕ್ಕೆ ಹೆಸರು, ಬಿದ್ದವರು ಏಳಲು ತೆಗೆದುಕೊಳ್ಳುವ ವರ್ಷ. ಅಮ್ಮ ರೊಟ್ಟಿ ತಟ್ಟುತ್ತಲೇ ತೀರ್ಪು ಕೊಟ್ಟಳು: “ಒಂದೇ ಒಂದು ವರ್ಸ. ಆಗ್ಲಿಲ್ವಾ, ಸಿಕ್ಕಿದ್ದಕ್ಕೆ ಸೇರ್ಕೋಬೇಕು. ಆಮೇಲೆ ಮಖ ಊದಿಸ್ಕೊಂಡು ಕೂತ್ಕಂಡ್ರೆ ನಾನಂತೂ ಕೇಳಕಿಲ್ಲ.” ನಾನು ಒಪ್ಪಿಕೊಂಡೆ.

ಮಧುಗಿರಿಯಲ್ಲಿ ನಿವೃತ್ತ ಭೌತಶಾಸ್ತ್ರ ಮೇಷ್ಟರೊಬ್ಬರು ಗೊಬ್ಬರದಂಗಡಿಯ ಮಹಡಿಯ ಮೇಲೆ ಇಂಥವರಿಗೆಂದೇ ತರಗತಿ ನಡೆಸುತ್ತಿದ್ದರು. ಕಿಟಕಿ ತೆಗೆದರೆ ಬೆಟ್ಟ, ಮುಚ್ಚಿದರೆ ಯೂರಿಯಾ ವಾಸನೆ. ಸಿರಾ, ಕೊರಟಗೆರೆ, ಪಾವಗಡದಿಂದೆಲ್ಲ ಬಂದ ನಮ್ಮಂಥ ಒಂದಷ್ಟು ಮಂದಿ. ಎಲ್ಲರೂ ಒಂದಾನೊಂದು ಕಾಲದಲ್ಲಿ ತಮ್ಮ ತಮ್ಮ ಶಾಲೆಗೆ ಫಸ್ಟ್ ಬಂದವರೇ. ನನ್ನ ಪಕ್ಕ ಕೂತವಳು ಪಾವಗಡದ ಕ್ಯಾತಗಾನಚೆರ್ಲಿನ ಹುಡುಗಿ. ಅವರ ಜಮೀನು ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಹೋಗಿತ್ತು. “ನಮ್ ಕಡೆ ಬಿಸ್ಲೂ ಒಂದು ಬೆಳೆ ಕಣೇ,” ಎಂದು ನಗುತ್ತಿದ್ದಳು. ಅರ್ಧ ಕನ್ನಡ, ಅರ್ಧ ತೆಲುಗು. ಯಾವುದಕ್ಕೂ ತಲೆ ಕೆಡಿಸಿಕೊಳ್ಳದವಳು. ಮೊದಲ ವಾರದಲ್ಲೇ ನನಗೆ ಅವಳ ಮೇಲೆ ಹೊಟ್ಟೆಕಿಚ್ಚು.

ಮೇಷ್ಟರು ಮೊದಲು ಪಾಠ ಮಾಡಲಿಲ್ಲ. ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ಬರೆಸಿದರು. ಆಮೇಲೆ ತಪ್ಪು ಮಾಡಿದ ಪ್ರಶ್ನೆಯನ್ನು ಎದ್ದು ನಿಂತು ಓದಿ, ಆ ತಪ್ಪು ಉತ್ತರವನ್ನೇ ಯಾಕೆ ಆರಿಸಿಕೊಂಡೆ ಎಂದು ಹೇಳಬೇಕು. ಅವರ ಪದ್ಧತಿಯೇ ಅದು. ಸರಿ ಉತ್ತರ ಹೇಳಿದರೆ “ಅದು ಪುಸ್ತಕದಲ್ಲೈತೆ ಬುಡು” ಎನ್ನುವರು. ನನ್ನ ಸರದಿ ಬಂತು.

“ಗೊತ್ತಿರ್ಲಿಲ್ಲ ಸಾರ್. ಸುಮ್ನೆ ಒಂದು ವೃತ್ತ ತುಂಬ್ದೆ.”

“ಗೊತ್ತಿಲ್ದಿದ್ರೆ ಬುಟ್ಬುಡ್ಬೇಕಪ್ಪ. ತಪ್ಪಾದ್ರೆ ಬಂದಿರೋ ಮಾರ್ಕ್ಸಲ್ಲೂ ಕಿತ್ಕೊಳ್ತಾರಲ್ಲ?”

“ಖಾಲಿ ಬಿಟ್ರೆ ಏನ್ ಸಿಗುತ್ತೆ ಸಾರ್?” ನನ್ನ ದನಿ ಏರಿತ್ತು.

ಅವರು ನನ್ನ ಉತ್ತರಪತ್ರಿಕೆಯನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಒಂದೂ ಖಾಲಿ ಇರಲಿಲ್ಲ. “ನೋಡ್ರಪ್ಪ, ಒಂದನ್ನೂ ಬುಟ್ಟಿಲ್ಲ ಮಾರಾಯ್ತಿ! ನಾಳೆ ಪೇಷೆಂಟ್ ಬಂದು ಹೊಟ್ಟೆ ನೋವು ಅಂತಾನೆ. ಯಾಕೆ ಅಂತ ಇವ್ಳಿಗೆ ಗೊತ್ತಿಲ್ಲ. ಅವ್ನಿಗೂ ಸುಮ್ನೆ ಒಂದು ಗುಳಿಗೆ ತುಂಬ್ತಾಳೆ.” ಕ್ಲಾಸು ಗೊಳ್ಳೆಂದಿತು. ನನ್ನ ಕಿವಿ ಕಾದವು. ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಬಂದುಬಿಟ್ಟೆ.

ಪಾವಗಡದವಳು ಹಿಂದೆಯೇ ಓಡಿ ಬಂದಳು. “ಏಮೇ, ಇಷ್ಟಕ್ಕೇ ಹೋಗ್ತೀಯಾ? ಪೋನೀವೇ!” ಪೋನೀ ಎಂದರೆ ಹೋಗಲಿ ಬಿಡು ಎಂದು. ಬಸ್ ಸ್ಟ್ಯಾಂಡಿನವರೆಗೂ ಬಂದು, ಕಡಲೆಕಾಯಿ ಕೊಡಿಸಿ, ನನ್ನ ಬೈಗುಳವನ್ನೆಲ್ಲ ಕೇಳಿಸಿಕೊಂಡು, ಕೊನೆಗೆ ಮೆಲ್ಲಗೆ, “ಆದ್ರೂ ಸಾರ್ ಹೇಳಿದ್ದು ನಿಜ ಕಣೇ,” ಎಂದಳು. ಅವಳನ್ನೂ ಬೈದೆ. ಆದರೆ ಬಸ್ಸಿನಲ್ಲಿ ಕೂತು ಪತ್ರಿಕೆ ತೆಗೆದು ತಪ್ಪುಗಳನ್ನು ಎಣಿಸಿದೆ. ಗೊತ್ತಿದ್ದದ್ದರಲ್ಲಿ ಗಳಿಸಿದ್ದನ್ನು ಗೊತ್ತಿಲ್ಲದ್ದರಲ್ಲಿ ಕಳೆದಿದ್ದೆ. ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಲ್ಲಿ ಹುಟ್ಟುತ್ತಲೇ ಇರಲಿಲ್ಲ. ಫಸ್ಟ್ ಬರುವ ಹುಡುಗಿಗೆ ಗೊತ್ತಿಲ್ಲ ಎಂದರೆ ಹೇಗೆ?

ಟಿಕೆಟಿಗೆ ಬಂದ ಕಂಡಕ್ಟರ್ ಕೇಳಿದರು, “ನಿಮ್ಮಕ್ಕನ ಓದು ಹೆಂಗ್ ನಡೀತೈತೆ?”

“ಕಷ್ಟ ಪಡ್ತವ್ಳೆ,” ಎಂದೆ. ಅದುವರೆಗೆ ಯಾರ ಎದುರಿಗೂ ಹೇಳಿರದ ಮಾತು ಅದು.

“ಪಡ್ಲಿ ಬುಡು. ಕೈ ಬುಡ್ಬೇಡ ಅಂತೇಳು,” ಎಂದು ಮುಂದಿನ ಸೀಟಿಗೆ ಹೋದರು.

ಮಾರನೆಯ ದಿನ ಏನೂ ಆಗದವಳಂತೆ ಕ್ಲಾಸಿಗೆ ಹೋಗಿ ಕೂತೆ. ಮೇಷ್ಟರೂ ಏನೂ ಆಗದವರಂತೆ ಚಾಕ್‌ಪೀಸ್ ಹಿಡಿದರು. ಅಂದಿನಿಂದ ನನ್ನ ನಿಜವಾದ ಓದು ಶುರುವಾಯಿತು. ತಪ್ಪನ್ನು ಎದ್ದು ನಿಂತು ಹೇಳುವುದಕ್ಕೆ ನಾಚಿಕೆಯಾಗುತ್ತಿತ್ತು, ಆದರೆ ಹಾಗೆ ಹೇಳಿದ ತಪ್ಪು ಮತ್ತೆ ಬರುತ್ತಿರಲಿಲ್ಲ. ನಾನೂ ಪಾವಗಡದವಳೂ ಪರಸ್ಪರ ಪ್ರಶ್ನೆ ಕೇಳಿಕೊಳ್ಳುವಾಗ ಗೊತ್ತಿಲ್ಲದ್ದು ಬಂದರೆ ‘ಪೋನೀ’ ಎಂದು ಕೈ ಬೀಸುವುದು, ಸಂಜೆ ಆ ಪೋನೀಗಳನ್ನೆಲ್ಲ ಹಿಡಿದು ಮೇಷ್ಟರ ತಲೆ ತಿನ್ನುವುದು. ಚಳಿಗಾಲಕ್ಕೆ ರಾಗಿ ಒಕ್ಕಣೆ ಮುಗಿದು ಹೊಸ ಬಣವೆ ಎದ್ದಿತು, ಅದರ ಮೇಲೆ ಮತ್ತೆ ನಾನು. ಹಸುಗಳು ದಿನಾ ಹುಲ್ಲು ತಿಂದಂತೆ ಬಣವೆ ಇಳಿಯಿತು, ಫ್ಲೆಕ್ಸಿನ ಮುಖವೂ ಇಳಿಯುತ್ತಾ ಬಂತು. ಬೇಸಿಗೆಯ ಹೊತ್ತಿಗೆ ಎಷ್ಟು ಕೆಳಗೆ ಬಂದಿತ್ತೆಂದರೆ, ಕರು ಬಂದು ನನ್ನ ಒಂದು ಜಡೆಯನ್ನು ಅಗಿದುಬಿಟ್ಟಿತ್ತು. “ಲೇ, ಡಾಕ್ಟ್ರಮ್ಮನ ಜಡೆ ಬುಡ್ಲಾ!” ಎಂದು ಅಪ್ಪ ಅದರ ಕಿವಿ ಹಿಂಡುತ್ತಿದ್ದರು.

ಪರೀಕ್ಷೆಯ ದಿನ ಗೊತ್ತಿಲ್ಲದ ಪ್ರಶ್ನೆ ಬಂದಾಗಲೆಲ್ಲ ಪೆನ್ನು ಹಿಡಿದ ಕೈ ತುರಿಸಿತು. ಬಾಯಲ್ಲೇ ಪೋನೀ ಎಂದುಕೊಂಡೆ. ಖಾಲಿ ಬಿಟ್ಟ ಆ ಜಾಗಗಳನ್ನು ನೋಡಿ ಭಯವಾಯಿತು. ಆದರೂ ಬಿಟ್ಟೆ.

ಫಲಿತಾಂಶ ಬಂತು. ಅಂಕ ಚೆನ್ನಾಗಿತ್ತು, ನಾನೇ ಎರಡೆರಡು ಸಲ ನೋಡುವಷ್ಟು ಚೆನ್ನಾಗಿತ್ತು. ಅಪ್ಪನಿಗೆ ತೋರಿಸಿದರೆ ಅವರು ಹಾಳೆಯನ್ನು ಮುಟ್ಟಲೇ ಇಲ್ಲ. “ಪಾಸಾ, ಸೀಟಾ?” ಎಂದರು.

“ಪಾಸು. ಸೀಟಿಗೆ ಇನ್ನೂ ಕೌನ್ಸೆಲಿಂಗ್ ಆಗ್ಬೇಕು.”

“ಅಂಗಾದ್ರೆ ಯಾರೂ ಬಾಯ್ ಬುಡಂಗಿಲ್ಲ,” ಎಂದು ಅಮ್ಮನ ಕಡೆ ಕಣ್ಣು ಬಿಟ್ಟರು. ಆ ಎರಡು ತಿಂಗಳು ನಮ್ಮ ಮನೆಯಲ್ಲಿ ಸಿಹಿ ಮಾಡಲಿಲ್ಲ, ಹಬ್ಬಕ್ಕೂ ಮಾಡಲಿಲ್ಲ. ಊರವರು ಕೇಳಿದರೆ ಅಪ್ಪ ಮಳೆಯ ವಿಷಯ ತೆಗೆಯುತ್ತಿದ್ದರು. ಅವರು ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು, ನಾನೂ ಮಾಡುತ್ತಿರಲಿಲ್ಲ.

ಸೀಟು ಸಿಕ್ಕಿತು. ಸರ್ಕಾರಿ ಕಾಲೇಜು, ರಾಜ್ಯದ ಆ ತುದಿಯಲ್ಲಿ. ಟ್ಯಾಂಕಿನ ಹತ್ತಿರ ಕೈ ಎತ್ತಿಕೊಂಡು ನಿಂತಲ್ಲೇ ಓದಿದೆ, ಓದಿ ಕೂಗಿದೆ. ಪಾವಗಡದವಳಿಗೆ ಮೊದಲು ಫೋನ್ ಮಾಡಿದೆ. ಅವಳಿಗೆ ಆಯುರ್ವೇದದ ಸೀಟು ಸಿಕ್ಕಿತ್ತು. ನನಗಿಂತ ಜೋರಾಗಿ ಅವಳೇ ಕಿರುಚಿದಳು. ಸಂಜೆಗೆ ಸಂಘದ ಹುಡುಗರು ಬಂದು, ಈ ಸಲ ಹಿಂದಿನದಕ್ಕಿಂತ ದೊಡ್ಡ ಫ್ಲೆಕ್ಸ್ ಹಾಕಿಸೋಣ ಎಂದರು.

“ಹೊಸ್ದು ಯಾಕ್ರಲಾ?” ಎಂದರು ಅಪ್ಪ. “ಅದ್ರಲ್ಲಿ ಬರ್ದಿರೋದ್ರಲ್ಲಿ ಒಂದಕ್ಸರನೂ ಸುಳ್ಳಿಲ್ಲ ಈಗ.”

ಹಿತ್ತಲಿಗೆ ಹೋಗಿ ಬಣವೆಯಿಂದ ಫ್ಲೆಕ್ಸ್ ಎಳೆದು ತಂದರು. ಅಂಗಳದಲ್ಲಿ ಹಾಸಿ ನಾನೇ ಸೋಪಿನ ಪುಡಿ ಹಾಕಿ ತಿಕ್ಕಿದೆ. ಬಣ್ಣ ಮಾಸಿತ್ತು, ಒಂದು ಜಡೆ ಇರಲಿಲ್ಲ, ಕೂಲಿಂಗ್ ಗ್ಲಾಸಿನವರಲ್ಲಿ ಒಬ್ಬನ ಮುಖವನ್ನು ಇಲಿ ತಿಂದಿತ್ತು. ಅವನೊಬ್ಬ ಮಾತ್ರ ಕೊನೆಯವರೆಗೂ ಗೊಣಗಿದ. ಉಳಿದವರು ನಗುತ್ತಾ ಅದನ್ನೇ ಹೊತ್ತುಕೊಂಡು ಹೋಗಿ ಅದೇ ಬಸ್ ಸ್ಟಾಪಿನಲ್ಲಿ ಕಟ್ಟಿದರು.

ಕಾಲೇಜಿಗೆ ಹೊರಟ ದಿನ ಅಪ್ಪ ಟ್ರಂಕ್ ಹಿಡಿದುಕೊಂಡು ನನ್ನ ಜೊತೆ ಬಸ್ ಹತ್ತಿದರು. ಅದೇ ಬಸ್ಸು, ಅದೇ ಕಂಡಕ್ಟರ್. ಅವರು ಫ್ಲೆಕ್ಸನ್ನೂ ಟ್ರಂಕನ್ನೂ ನೋಡಿ, “ಏನಮ್ಮ, ಕೊನೆಗೂ ಹೊರಟ್ರಾ ನಿಮ್ಮಕ್ಕ?” ಎಂದರು.

“ಯಾವ ಅಕ್ಕ?” ಅಪ್ಪ ಹುಬ್ಬು ಗಂಟಿಕ್ಕಿದರು. “ನನ್ಗಿರೋದೇ ಒಬ್ಳು ಮಗ್ಳು.”

ನಾನು ಕಿಟಕಿಯ ಕಡೆ ತಿರುಗಿದೆ. ಮುಖವೆಲ್ಲ ಬಿಸಿಯಾಗಿತ್ತು.

“ಅಷ್ಟೂ ಗೊತ್ತಿಲ್ವಾ ಯಜಮಾನ್ರೆ ನನ್ಗೆ?” ಎಂದರು ಕಂಡಕ್ಟರ್. “ಅವತ್ತು ಇನ್ನೊಂದ್ಸಲ ‘ನೀನೇನಾ’ ಅಂತ ಕೇಳಿದ್ರೆ ಅತ್ತೇ ಬುಡೋಳು ಈ ಕೂಸು. ಅದ್ಕೇ ವರ್ಸೆಲ್ಲ ಅವ್ರಕ್ಕನ್ನೇ ವಿಚಾರಿಸ್ಕೊಂಡ್ ಬಂದೆ.”

ನಗು ಬಂತೋ ಅಳು ಬಂತೋ ಹೇಳಲಾರೆ, ಎರಡೂ ಒಟ್ಟಿಗೇ ಬಂದವು. ಅವರ ಕಡೆ ತಿರುಗಿ, “ಅಕ್ಕಂಗೆ ಸೀಟು ಸಿಕ್ತು,” ಎಂದೆ.

“ಕೇಳ್ದೆ ಕಣಮ್ಮ,” ಎಂದು ಅವರು ಸೀಟಿ ಊದಿದರು. ಬಸ್ಸು ಫ್ಲೆಕ್ಸನ್ನು ದಾಟಿ ಮಧುಗಿರಿಯ ಕಡೆ ಹೊರಟಿತು.