ಉಲ್ಕೆ ನೋಡಲು ಹೋಗಿ ಹುಳ ಮುಟ್ಟಿದ್ದು

ಮೋಡ ಕವಿಯಬಹುದಿತ್ತು. ಮಂಜು ಇಳಿದು ಆಕಾಶವೇ ಕಾಣದೆ ಹೋಗಬಹುದಿತ್ತು. ದಿಬ್ಬೂರಹಳ್ಳಿ ರಸ್ತೆಯಲ್ಲಿ ಬೈಕ್ ಪಂಕ್ಚರ್ ಆಗಿ, ಪಂಕ್ಚರ್ ಅಂಗಡಿಯವನು ಬೀಗ ಹಾಕಿಕೊಂಡು ಮನೆಗೆ ಹೋಗಿರಬಹುದಿತ್ತು. ಅಂಚಿಗೆ ಗೋಡೆಯಿಲ್ಲದ ತಾರಸಿಯ ಮೇಲೆ ಅಂಗಾತ ಮಲಗಿದ ಮಗಳು ಮಗ್ಗುಲು ಬದಲಿಸಿ ಕೆಳಗೆ ಬೀಳಬಹುದಿತ್ತು, ಹಿಡಿಯಲು ಹೋಗಿ ನಾನೂ ಬೀಳಬಹುದಿತ್ತು. ಹಾವು ಬರಬಹುದಿತ್ತು. ಚಿರತೆ ಬರಬಹುದಿತ್ತು. ಚಿರತೆ ತಾರಸಿ ಹತ್ತುತ್ತದೆಯೇ ಎಂದು ಆಫೀಸಿನಲ್ಲಿ ಇಬ್ಬರನ್ನು ವಿಚಾರಿಸಿದ್ದೆ. ಒಬ್ಬರು ಹತ್ತುತ್ತದೆ ಎಂದರು, ಇನ್ನೊಬ್ಬರು ನೀವು ಸುಮ್ಮನೆ ಮನೆಯಲ್ಲಿ ಮಲಗಿ ಸಾರ್ ಎಂದರು.

ಮಲಗಲು ಮಗಳು ಬಿಡಬೇಕಲ್ಲ. ಡಿಸೆಂಬರಿನ ಉಲ್ಕಾಪಾತದ ಸುದ್ದಿಯನ್ನು ಅವಳು ಮೊಬೈಲಿನಲ್ಲಿ ಓದಿದ್ದಳು. ಚಿಕ್ಕಬಳ್ಳಾಪುರದ ನಮ್ಮ ಮನೆಯ ಮೇಲೆ ಹೈವೇ ದೀಪಗಳ ಬೆಳಕು ಎಷ್ಟೆಂದರೆ ಇರುವ ನಕ್ಷತ್ರಗಳೇ ಕಾಣುವುದಿಲ್ಲ, ಇನ್ನು ಬೀಳುವುದೆಲ್ಲಿ ಕಂಡೀತು. ಅತ್ತೆ ಊರಿಗೆ ಹೋಗೋಣ ಎಂದು ಹಟ ಹಿಡಿದಳು. ಅವಳ ಅತ್ತೆ ಎಂದರೆ ನನ್ನ ಅಕ್ಕ. ಶಿಡ್ಲಘಟ್ಟ ತಾಲ್ಲೂಕಿನ ಆ ಹಳ್ಳಿಯಲ್ಲಿ ರೇಷ್ಮೆ ಹುಳ ಸಾಕುತ್ತಾಳೆ.

ಬನ್ನಿ ಎಂದಳು ಅಕ್ಕ. ಬರಬೇಕಾದರೆ ಏನೇನು ತರಬಾರದು ಎಂದೂ ಹೇಳಿದಳು. ಹುಳಗಳು ಕೊನೆಯ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಕಳೆದು ಎದ್ದು ಸೊಪ್ಪು ತಿನ್ನುತ್ತಿದ್ದವು, ಇವತ್ತೋ ನಾಳೆಯೋ ಹಣ್ಣಾಗಿ ಗೂಡು ಕಟ್ಟಲು ಶುರುಮಾಡುವಂತಿದ್ದವು. ಹಿಂದಿನ ಬೆಳೆ ಸರಿಯಾಗಿ ಈ ಹೊತ್ತಿಗೇ ಹೋಗಿತ್ತು. ಪಕ್ಕದ ಟೊಮೆಟೊ ತೋಟಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತಿತ್ತು. ಅದನ್ನು ತಿಂದ ಹುಳಗಳು ತಲೆ ಎತ್ತಿ ಎತ್ತಿ ಹಸಿರು ಕಕ್ಕಿ ಸತ್ತವು. ಅಷ್ಟನ್ನೂ ಅಕ್ಕ ತಾನೇ ಗುಂಡಿಗೆ ಸುರಿದು ಬಂದು, ಎಷ್ಟೋ ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಿರಲಿಲ್ಲ. ಹಾಗಾಗಿ ಈ ಸಲ ಹುಳದ ಮನೆಯ ಹತ್ತಿರ ಊದುಬತ್ತಿ ಇಲ್ಲ, ಪೌಡರ್ ಇಲ್ಲ, ಭಾವನ ಬೀಡಿಗೂ ಹೊಲದ ಬದುವೇ ಗತಿ.

"ಸೊಳ್ಳೆ ಕಾಯಿಲ್ ಏನಾದ್ರೂ ತಂದ್ಯೋ, ಗೇಟಲ್ಲೇ ವಾಪಸ್ ಕಳಿಸ್ತೀನಿ ನೋಡಪ್ಪ" ಎಂದಿದ್ದಳು.

ನಾನು ಮಾತು ಮೀರುವವನಲ್ಲ. ಕಾಯಿಲ್ ತರಲಿಲ್ಲ. ಸೊಳ್ಳೆ ಮುಲಾಮು ತಂದೆ.

ತಾರಸಿ ಇದ್ದದ್ದು ಹುಳದ ಮನೆಯ ಮೇಲೆಯೇ. ಮಗಳನ್ನು ನಡುಮಧ್ಯಕ್ಕೆ ಮಲಗಿಸಿ, ಡೆಂಗ್ಯೂ ನೆನೆಸಿಕೊಂಡು, ಇಬ್ಬರ ಕೈಕಾಲಿಗೂ ಮುಲಾಮು ಹಚ್ಚಿದೆ. ಮೋಡವಿರಲಿಲ್ಲ. ಮಂಜೂ ಇರಲಿಲ್ಲ. ನನಗೆ ಅದೇ ಒಂದು ಥರ ಭಯವಾಯಿತು. ಮೊದಲ ಉಲ್ಕೆ ಬಂದಾಗ ನಾನು ಮೆಟ್ಟಿಲ ಕಡೆ ನೋಡುತ್ತಿದ್ದೆ. ಎರಡನೆಯದು ಕಂಡಿತು. ಬೆಂಕಿಕಡ್ಡಿ ಗೀರಿದ ಹಾಗೆ ಬಂದು, ಹತ್ತುವ ಮೊದಲೇ ಆರಿತು. ಮಗಳು ಉಸಿರು ಬಿಗಿಹಿಡಿದಿದ್ದಳು.

ಅಷ್ಟರಲ್ಲಿ ಕೆಳಗಿನಿಂದ ಅಕ್ಕ ಕೂಗಿದಳು. ಹುಳ ಹಣ್ಣಾಗಿದ್ದವು. ಹಣ್ಣಾದ ಹುಳವನ್ನು ತಡಮಾಡದೆ ಆರಿಸಿ ಚಂದ್ರಂಕಿಗೆ ಬಿಡಬೇಕು. ಗೂಡು ಕಟ್ಟಲೆಂದು ಬಿದಿರಿನಲ್ಲಿ ಸುರುಳಿಯಾಗಿ ಹೆಣೆದ ತಟ್ಟೆ ಅದು. ತಡವಾದರೆ ನೂಲೆಲ್ಲ ಸೊಪ್ಪಿನ ಮೇಲೆ ಹಾಳು. ಭಾವ ಮದುವೆಗೆಂದು ತೊಂಡೇಬಾವಿಗೆ ಹೋಗಿದ್ದರು. ಮಗಳನ್ನು ಅಲ್ಲಾಡಬೇಡ ಎಂದು ಗದರಿ ಓಡಿದೆ. ಬಾಗಿಲಲ್ಲಿ ಹಾಸಿದ್ದ ಸುಣ್ಣದ ಪುಡಿಯನ್ನು ನಿಯಮದಂತೆ ತುಳಿದು ಒಳಗೆ ಹೋದೆ. ಕಾಲಿನ ಮೇಲಿದ್ದ ಗಮನ ಕೈಯ ಮೇಲಿರಲಿಲ್ಲ.

ಹುಳಗಳು ಹೊಂಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಒಳಗು ಕಾಣುವಂತಿದ್ದವು. ಬೆರಳಿಗೆ ತಣ್ಣಗೆ ಹತ್ತಿದವು. ಆರಿಸಿ ಆರಿಸಿ ಒಂದು ಚಂದ್ರಂಕಿ ತುಂಬುತ್ತಾ ಬಂದಾಗ ಅಕ್ಕ ಕೈ ನಿಲ್ಲಿಸಿ ಮೂಗು ಅರಳಿಸಿದಳು.

"ಏನದು ವಾಸನೆ?"

ನನಗೆ ಆಗ ಹೊಳೆಯಿತು. ಹಿಡಿಯಲ್ಲಿದ್ದ ಹುಳಗಳನ್ನು ಕೆಂಡ ಮುಟ್ಟಿದವನಂತೆ ಚಂದ್ರಂಕಿಯ ಒಂದು ಮೂಲೆಗೆ ಸುರಿದು ಹಿಂದೆ ಸರಿದೆ. ಕಾಯಿಲ್ ಅಲ್ಲ, ಬರೀ ಮುಲಾಮು ಎಂದೆ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಮುಟ್ಟಿದ ಚಂದ್ರಂಕಿಯನ್ನು ಎತ್ತಿ ಹೊರಗಿನ ಚಪ್ಪರದ ಕೆಳಗೆ ಬೇರೆಯಾಗಿ ನಿಲ್ಲಿಸಿದಳು.

"ಮೇಲೆ ಹೋಗಿ ಅದೇನ್ ನೋಡಕ್ಕೆ ಬಂದ್ಯೋ ನೋಡ್ಹೋಗು. ಇಲ್ಲಿ ನಿಂತ್ಕೋಬೇಡ" ಎಂದಳು.

ಸೋಪು ಹಾಕಿ ಎರಡು ಸಲ ಕೈ ತೊಳೆದು ಮೇಲೆ ಹೋದೆ. ಮಗಳಿಗೂ ವಿಷಯ ಹೇಳಿದೆ. ಅವಳು ಕೈಯನ್ನು ಮೂಸಿ ನೋಡಿಕೊಂಡು ಚಾದರದೊಳಗೆ ಎಳೆದುಕೊಂಡಳು. ಆಮೇಲೆ ಉಲ್ಕೆಗಳು ಬಿದ್ದವು ನೋಡಿ. ಪೂರ್ವಕ್ಕೊಂದು, ನೆತ್ತಿಯ ಮೇಲೊಂದು, ಒಂದು ಬಂದು ಮಾಯವಾಗುವಷ್ಟರಲ್ಲಿ ಅದರ ಹಿಂದೆಯೇ ಇನ್ನೊಂದು. ಒಂದಂತೂ ಹಸಿರಾಗಿ ಉದ್ದಕ್ಕೆ ಎಳೆದುಕೊಂಡು ಹೋಯಿತು. ಆ ಹಸಿರು ನೋಡಿ, ತೊಳೆದ ಕೈಯನ್ನೇ ಮತ್ತೆ ಚಾದರಕ್ಕೆ ಒರೆಸಿಕೊಂಡೆ. ಕಣ್ಣು ಆಕಾಶದಲ್ಲಿ, ಕಿವಿ ಕೆಳಗೆ. ಅಕ್ಕನ ಹೆಜ್ಜೆ ಚಪ್ಪರದ ತನಕ ಬಂದು ನಿಲ್ಲುತ್ತಿತ್ತು. ಟಾರ್ಚ್ ಹತ್ತುತ್ತಿತ್ತು, ಆರುತ್ತಿತ್ತು. ಹೆಜ್ಜೆ ಒಳಗೆ ಹೋಗುತ್ತಿತ್ತು.

ತಡೆಯಲಾರದೆ ಮೆಟ್ಟಿಲ ಮೇಲಿಂದಲೇ ಏನಾಯಿತು ಎಂದು ಕೇಳಿದೆ.

"ತಲೆ ಎತ್ತುತ್ತಾವೆ" ಎಂದಳು.

ಹಣ್ಣಾದ ಹುಳವೂ ಜಾಗ ಹುಡುಕಿ ತಲೆ ಎತ್ತುತ್ತದೆ, ವಿಷ ತಾಗಿದ ಹುಳವೂ ತಲೆ ಎತ್ತುತ್ತದೆ. ಯಾವುದು ಎಂದು ಕೇಳುವ ಧೈರ್ಯ ನನಗಿರಲಿಲ್ಲ, ಹೇಳುವುದು ಅವಳಿಗೂ ಆಗಲಿಲ್ಲ.

"ಅಪ್ಪ, ಅಲ್ನೋಡಿ" ಎಂದು ಮಗಳು ಪಿಸುಗುಟ್ಟಿದಾಗಲೆಲ್ಲ ನೋಡಿದೆ. ಅಷ್ಟೊಂದು ಉಲ್ಕೆಗಳನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ಯಾವುದಾದರೂ ಒಂದನ್ನು ಅಕ್ಕನ ಹತ್ತಿರ ಕೂತು ನೋಡುವ ಹಾಗಿದ್ದಿದ್ದರೆ ಎನ್ನಿಸಿತು.

ಬೆಳಕು ಹರಿಯುವ ಹೊತ್ತಿಗೆ ಟಾರ್ಚ್ ಹತ್ತಿತು, ಆರಲಿಲ್ಲ. ಇಳಿದು ಹೋದೆ. ಅಕ್ಕ ಚಂದ್ರಂಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಹುಳಗಳ ಸುತ್ತ ಜೇಡರ ಬಲೆಯಂಥ ತೆಳು ನೂಲು ಎದ್ದಿತ್ತು. ಒಂದೂ ಕಕ್ಕಿರಲಿಲ್ಲ. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, ಕಾಫಿಗೆ ಹಾಲು ಕರೆಯಬೇಕು ಎಂದು ಎದ್ದಳು.

ಗೂಡು ಬಿಡಿಸಿದ ದಿನ ಫೋನ್ ಮಾಡಿದಳು. ಎಲ್ಲ ಚೆನ್ನಾಗಿ ಬಂದಿವೆಯಂತೆ, ಚಪ್ಪರದ ಕೆಳಗಿನವೂ. ಆದರೆ ನಾನು ಗಾಬರಿಯಲ್ಲಿ ಹುಳ ಸುರಿದ ಮೂಲೆಯಲ್ಲಿ, ಜಾಗ ಸಾಲದೆ ಎರಡು ಹುಳ ಸೇರಿ ಒಂದೇ ಗೂಡು ಕಟ್ಟಿವೆಯಂತೆ. ಅಂಥದ್ದರಲ್ಲಿ ನೂಲು ಸಿಕ್ಕಾಗುತ್ತದೆ, ಬಿಚ್ಚಲು ಬರುವುದಿಲ್ಲ.

"ಒಂದು ಜೋಡಿ ಗೂಡು ಕಣೋ" ಎಂದಳು ಅಕ್ಕ. "ಅದೊಂದನ್ನ ಮಾರೋ ಗೂಡಿಂದ ಆಚೆ ತೆಗೆದೆ."